ಎರಡು ವೈರಿನ ಪಂಚಾಯ್ತಿ

ನನ್ನ ಗೆಳೆಯ ಗೌಸ್ ಯಾರ ಮನೆಗೆ ಹೋದರೂ ಮೊದಲು ನೆಲವನ್ನು ಮಾತಾಡಿಸುತ್ತಾನೆ. ಚಪ್ಪಲಿ ಬಿಟ್ಟು ಒಳಗೆ ಬಂದವನು ಕೂಡುವ ನೆಪದಲ್ಲಿ ಬಗ್ಗಿ, ನಡುಬೆರಳಿನ ಗೆಣ್ಣಿನಿಂದ ಫರಸಿಕಲ್ಲನ್ನು ಎರಡು ಸಲ ಬಡಿಯುತ್ತಾನೆ. ಠಣ್ ಎಂದರೆ ಮನೆಯವರ ಕ್ಷೇಮ ವಿಚಾರಿಸುತ್ತಾನೆ. ಬೊದ್ ಎಂದರೆ ಕಲ್ಲು ಎಲ್ಲಿಂದ ತಂದಿರಿ ಎಂದು ವಿಚಾರಿಸುತ್ತಾನೆ. ಶಹಾಬಾದಿನಲ್ಲಿ ಕಲ್ಲು ಕತ್ತರಿಸಿ ಪಾಲಿಶ್ ಮಾಡುವ ಅಂಗಳ ಅವನದು. ಕಲ್ಲಿನೊಳಗಿನ ಬಿರುಕು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ ಎಂದು ಅವನ ಅಪ್ಪ ಹೇಳುತ್ತಿದ್ದರಂತೆ. ಗೌಸ್ ಆ ಮಾತನ್ನು ಕಲ್ಲಿಗಷ್ಟೇ ಬಿಡಲಿಲ್ಲ. ಕಲ್ಲಂಗಡಿ, ಕೊಡ, ಬೀಗರ ಮನೆಯ ಬಾಗಿಲು, ಎಲ್ಲವನ್ನೂ ಬಡಿದು ನೋಡಿದ. ಒಮ್ಮೆ ಎದೆನೋವೆಂದು ದವಾಖಾನೆಗೆ ಹೋದಾಗ, ಡಾಕ್ಟರು ಇವನ ಬೆನ್ನು ಬಡಿಯುತ್ತಿದ್ದರೆ ಇವನು ಅವರ ಮೇಜು ಬಡಿದು, "ಸಾಗವಾನಿ ಅಂತ ಹೇಳಿ ಕೊಟ್ಟಾರೇನ್ರಿ? ಮೋಸ ಮಾಡ್ಯಾರ," ಎಂದನಂತೆ. ಅಂತೆ ಎಂದೆ. ಹೇಳಿದವನು ಗೌಸೇ.

ಇಂಥವನಿಗೂ ನನಗೂ ಒಂದು ಗೇಣುದ್ದದ ಕರಿ ವೈರಿನ ಸಲುವಾಗಿ ಮಾತು ನಿಂತಿತ್ತು ಎಂದರೆ ನಗು ಬರುತ್ತದೆ. ಆಗ ಬಂದಿರಲಿಲ್ಲ.

ವೈರು ಹಿಡಿದು ದನಿ ಹೋಲಿಸುವ ಚಟ ನಮಗೆ ಸಣ್ಣಂದಿನಿಂದ ಬಂದದ್ದು ಎಂದು ನನ್ನ ನೆನಪು. ನಮ್ಮಪ್ಪನ ರೇಡಿಯೋದ ಏರಿಯಲ್ ತಂತಿ ಮಾಳಿಗೆಯಿಂದ ಬೇವಿನ ಮರಕ್ಕೆ ಹೋಗುತ್ತಿತ್ತು. ಗಾಳಿಗೆ ಅದು ಸಡಿಲಾದಾಗ ನಾನೋ ಗೌಸೋ ಮಾಳಿಗೆ ಹತ್ತಿ ತಂತಿ ಹಿಡಿದು ನಿಲ್ಲಬೇಕು. ಕೆಳಗಿನಿಂದ ಅಪ್ಪ, "ಬಂತು, ಹಂಗೇ ನಿಂದ್ರು," ಎನ್ನುವರು. ವಾರ್ತೆ ಮುಗಿಯುವ ತನಕ ಹಂಗೇ ನಿಲ್ಲುವುದು. ನಾನು ಹಿಡಿದರೆ ದನಿ ಸ್ಪಷ್ಟ, ಗೌಸ್ ಹಿಡಿದರೆ ಬರೀ ಗೊರಗೊರ. ಗೌಸ್ ಇದನ್ನು ತಿರುವುಮುರುವಾಗಿ ಹೇಳುತ್ತಾನೆ. ನನ್ನ ಅಕ್ಕನನ್ನು ಕೇಳಿದರೆ ಅವಳು, "ನಮ್ಮ ಮನ್ಯಾಗ ರೇಡಿಯೋ ಎಲ್ಲಿತ್ತೋ? ಅದು ಗೌಸನ ಮನ್ಯಾಗಿಂದು. ಬೇವಿನ ಗಿಡಾನೂ ಅವರ್ದೇ," ಎಂದಳು. ಹಾಗಾದರೆ ಕೆಳಗಿನಿಂದ ಕೂಗಿದ ಅಪ್ಪ ಯಾರ ಅಪ್ಪ? ದನಿ ಮಾತ್ರ ನನಗೆ ಇಂದಿಗೂ ಚೆನ್ನಾಗಿ ಕೇಳುತ್ತದೆ.

ನೆನಪಿನ ಈ ಕಾರುಬಾರು ನೋಡಿಯೇ ನಾನು ಓದುವ ದಿನಗಳಿಂದ ಡೈರಿ ಬರೆಯುತ್ತ ಬಂದವನು. ಆಮೇಲೆ ಏನು ನಡೆಯಿತು ಎಂಬ ಪ್ರಶ್ನೆ ಬಂದರೆ ಪುರಾವೆ ಇರಲಿ ಎಂದು. ತೆಗೆದು ನೋಡಿದರೆ ಅದರ ತುಂಬ ಊಟದ ವಿಚಾರ. ಗೌಸ್ ಜೊತೆ ಮಾತು ನಿಂತ ಆ ಭಾನುವಾರದ ಪುಟದಲ್ಲಿ ಹೀಗಿದೆ: "ಬೆಳಿಗ್ಗೆ ಸುಸಲಾ. ಮಿರ್ಚಿ ಸ್ವಲ್ಪ ಹಸಿ ಇತ್ತು. ಚಾಪೆ ಒಗೆದು ಹಾಕಿದರು. ಗೌಸ್ ಬಂದಿದ್ದ, ಬೇಗ ಹೋದ."

ವಿಷಯ ಇಷ್ಟು. ಚಿತ್ತಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ಮೇಲೆ ನಾನು ಪಡಸಾಲೆಯಲ್ಲಿ ಒಂದು ಒಳ್ಳೆಯ ಸಂಗೀತದ ವ್ಯವಸ್ಥೆ ಮಾಡಿಕೊಂಡೆ. ಎದೆಯೆತ್ತರದ ಎರಡು ಸ್ಪೀಕರು, ಒಂದು ಆಂಪ್ಲಿಫೈಯರು, ಸಿ.ಡಿ. ಹಾಕುವ ಯಂತ್ರ. ಸಿ.ಡಿ.ಯಲ್ಲಿರುವುದು ಬರೀ ಅಂಕಿ. ಆ ಅಂಕಿಗಳನ್ನು ದನಿಯಾಗಿ ತಿರುಗಿಸುವ ಸಣ್ಣ ಡಬ್ಬಿಯೊಂದು ಬೇರೆ ಇದೆ. ಯಂತ್ರದಿಂದ ಡಬ್ಬಿಗೆ ಹೋಗುವುದೇ ಈ ಕತೆಯ ಡಿಜಿಟಲ್ ವೈರು. ನನ್ನದು ಡಬ್ಬಿಯ ಜೊತೆಗೇ ಪುಕ್ಕಟೆ ಬಂದದ್ದು.

ಪ್ರತಿ ಭಾನುವಾರ ಬೆಳಿಗ್ಗೆ ಗೌಸ್ ಶಹಾಬಾದಿನಿಂದ ಸ್ಕೂಟರಿನ ಮೇಲೆ ಬರುತ್ತಿದ್ದ. ಸಂಗೀತ ಸರಿಯಾಗಿ ಕೇಳಬೇಕಾದರೆ ಎರಡು ಸ್ಪೀಕರಿನ ನಡುವೆ, ಎದುರಿಗೆ ಕೂಡಬೇಕು. ಅಲ್ಲಿಯೇ ಎರಡು ಕುರ್ಚಿ ಹಾಕಿದ್ದೆ. ಗೌಸ್ ಒಂದು ದಿನವೂ ಅಲ್ಲಿ ಕೂತವನಲ್ಲ. ಬಲಗಡೆಯ ಸ್ಪೀಕರಿನ ಮಗ್ಗುಲಿಗೆ, ಗೋಡೆಗೆ ಬೆನ್ನು ಕೊಟ್ಟು, ನೆಲದ ಚಾಪೆಯ ಮೇಲೆ ಕೂಡುತ್ತಿದ್ದ. ಸಂಗೀತದ ಯಂತ್ರಗಳು ಬರುವ ಮೊದಲಿನಿಂದಲೂ, ಈ ಮನೆ ಕಟ್ಟಿಸಿದಾಗಿನಿಂದಲೂ ಅವನ ಜಾಗ ಅದೇ. ಅಲ್ಲಿ ಎಡ ಸ್ಪೀಕರಿನ ದನಿ ಕೇಳುವುದೇ ಇಲ್ಲ ಎಂದು ನಾನು ಚಿತ್ರ ಬರೆದು ತೋರಿಸಿದೆ.

"ನಂಗ ಇಲ್ಲೇ ಛಲೋ ಕೇಳ್ತದೋ ಬಸ್ಯಾ," ಎನ್ನುತ್ತಿದ್ದ.

ಅಲ್ಲಿ ಕೂತು ತಬಲಾಕ್ಕೆ ಸರಿಯಾಗಿ ನೆಲದ ಮೇಲೆ ಗೆಣ್ಣು ಬಡಿಯುತ್ತಿದ್ದ. ಸರಿಯಾಗಿ ಎಂದು ಅವನ ಭಾವನೆ. ಪ್ರತಿಸಲ ಅರ್ಧ ಮಾತ್ರೆ ತಡ. ನಾನು ಹಲ್ಲು ಕಚ್ಚಿ ಸಹಿಸಿದ್ದೇನೆ.

ಹೀಗಿರುವಾಗ ಗೌಸ್ ಒಂದು ಮದುವೆಗೆ ಹೈದರಾಬಾದಿಗೆ ಹೋದವನು ನನಗೆಂದು ಒಂದು ವೈರು ತಂದ. ಅದೂ ಕರಿದೇ, ಅಷ್ಟೇ ಉದ್ದ. ಆದರೆ ಮಖಮಲ್ಲಿನ ಚೀಲದಲ್ಲಿತ್ತು. ಹಾಕಿ ಕೇಳಿದೆವು.

"ಏನಂತಿ?" ಎಂದ. "ಮಂಜು ಸರದಂಗಾತಿಲ್ಲ?"

ನನಗೆ ಯಾವ ಮಂಜೂ ಸರಿದಂತೆ ಕಾಣಲಿಲ್ಲ. ಕಾಲೇಜು ಬಿಟ್ಟರೂ ಪಾಠ ಬಿಟ್ಟಿರಲಿಲ್ಲವಲ್ಲ, ಹೇಳಿದೆ: "ಇದರಾಗ ಹಾಡು ಹೋಗಂಗಿಲ್ಲ ಗೌಸ್, ಬರೇ ಲೆಕ್ಕ ಹೋಗ್ತದ. ನೀ ಶಹಾಬಾದಿಂದ ನೂರು ಫರಸಿ ಕಳಿಸ್ತಿ. ಇಲ್ಲಿ ಎಣಿಸಿದ್ರ ನೂರು ಇದ್ರ ಮುಗೀತು. ಲಾರಿಗಿ ಬಣ್ಣ ಹಚ್ಚಿದ್ರ ಕಲ್ಲಿನ ಪಾಲಿಶ್ ಹೆಚ್ಚಾಗ್ತದೇನು?"

"ನೀ ಎಂದಾದ್ರೂ ಕಲ್ಲಿನ ಲಾರ್‍ಯಾಗ ಕುಂತು ಬಂದೀಯೇನು? ಆ ರೋಡಿನ ಮ್ಯಾಲ ನೂರಕ್ಕ ನೂರು ಬಂದ್ರೂ ಮೂಲಿ ಮುಕ್ಕಾಗಿರ್ತಾವ. ಲೆಕ್ಕ ಬರೋಬ್ಬರಿ, ಮಾಲು ಹಾಳು."

ಇದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿದೆ. ಆದರೆ ಶಹಾಬಾದಿನ ರಸ್ತೆಯಲ್ಲಿ ಓಡಾಡಿದ ನನಗೆ ಅದು ತಕ್ಷಣ ಬಾಯಿಗೆ ಬರಲಿಲ್ಲ. ವಾದದಲ್ಲಿ ಸೋತ ಮೇಷ್ಟ್ರು ಏನಾದರೂ ಒಂದು ಅನ್ನಲೇಬೇಕು, ಅಂದೆ. ಏನೆಂದೆ? "ಫರಕ್ ಇಲ್ಲ ಬಿಡು," ಎಂದು ನನ್ನ ನೆನಪು. ಅಡುಗೆಮನೆಯಿಂದ ಕೇಳಿಸಿಕೊಂಡ ನನ್ನ ಹೆಂಡತಿ ಮಹಾದೇವಿಯ ಪ್ರಕಾರ ನಾನು ಅಂದದ್ದು, "ನಿನ್ನ ಕಿವಿ ನಂಬಿದ್ರ ಮನಿ ಹಾಳಾಗ್ತದ ನೋಡು." ಹಾಗೆಂದು, ಕೆಳಗೆ ಬಿದ್ದ ರಿಮೋಟು ಎತ್ತಿಕೊಳ್ಳಲು ನೆಲದ ಕಡೆಗೆ ಬಗ್ಗಿದೆನಂತೆ.

ಗೌಸ್ ಎದ್ದು ನಿಂತ. "ಆಯ್ತು ಬಿಡ್ರಿ ಸರ್," ಎಂದ.

ಶಾಲೆಯ ದಿನಗಳಿಂದ ನನ್ನನ್ನು ಲೇ ಬಸ್ಯಾ ಎಂದು ಕರೆದವನು ಅವನು. ನಾನು ವಿಭಾಗದ ಮುಖ್ಯಸ್ಥನಾದಾಗಲೂ, ಕಾಲೇಜಿನ ಗೇಟಿನಲ್ಲಿ ಹುಡುಗರ ಮುಂದೆ, ಲೇ ಬಸ್ಯಾ ಎಂದೇ ಕೂಗಿದವನು. ಅವನ ಬಾಯಲ್ಲಿ ರೀ ಮತ್ತು ಸರ್ ಎರಡೂ ಒಟ್ಟಿಗೆ ಬಂದಾಗ ನನಗೆ ಯಾರೋ ಬಾಗಿಲು ಹಾಕಿಕೊಂಡಂತಾಯಿತು. ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನದೂ.

ನಾನು ಒಬ್ಬನೇ ಕೂತು ಕೇಳಿದೆ. ಏನೋ ಸರಿಯಿರಲಿಲ್ಲ. ಅದೇ ಸಿತಾರ, ಅದೇ ತಬಲಾ, ತಬಲಾದಲ್ಲಿ ಏನೋ ಕಡಿಮೆ. ಯಾರೂ ನೋಡದಾಗ ಗೌಸನ ವೈರು ಹಾಕಿ ಕೇಳಿದೆ. ಅದರಲ್ಲೂ ಕಡಿಮೆ. ಮತ್ತೆ ನನ್ನದು ಹಾಕಿದೆ. ಎರಡು ವೈರು ಹೋಲಿಸುವುದೆಂದರೆ ನಿಜವಾಗಿ ಹೋಲಿಸುವುದು ಈಗಿನ ದನಿಯನ್ನಲ್ಲ, ಈಗಿನ ದನಿಯನ್ನು ಆಗಿನ ದನಿಯ ನೆನಪಿನೊಂದಿಗೆ. ಬೇವಿನ ಗಿಡ ಯಾರದೆಂದು ಗೊತ್ತಿಲ್ಲದವನು ಈ ಕೆಲಸಕ್ಕೆ ಇಳಿಯಬಾರದು. ಆದರೂ ಇಳಿದೆ. ಸ್ಪೀಕರು ಮುಂದೆ ಸರಿಸಿದೆ, ಹಿಂದೆ ಸರಿಸಿದೆ, ಓರೆ ಮಾಡಿದೆ.

"ಆ ಪೆಟಿಗಿ ಸರಿಸಿ ಸರಿಸಿ ನೆಲಾ ಗೀರಾಕತ್ತೀರಿ," ಎಂದಳು ಮಹಾದೇವಿ. "ಮನಷ್ಯಾನ ಕರೀರಿ ಸುಮ್ಮ."

"ಅವನೇ ಬರಲಿ. ಹೋದಾವ ಅವನು."

"ಅಣ್ಣಗ ಫೋನ್ ಹಚ್ಚತೀನಿ ಹಂಗಾರ."

ಅವಳ ಅಣ್ಣ ಶರಣಪ್ಪ ಭಾವ ಸೇಡಂನವರು. ಸುತ್ತಿನ ಊರುಗಳಲ್ಲಿ ಗೋಡೆ, ಬದು, ಬಾವಿಯ ಜಗಳ ಬಿಡಿಸುವುದರಲ್ಲಿ ಹೆಸರಾದವರು. ಚಿಂಚೋಳಿ ಕಡೆಯ ಅಣ್ಣತಮ್ಮಂದಿರಿಬ್ಬರು ಒಂದು ಬಾವಿಗಾಗಿ ಕೋರ್ಟು ಹತ್ತಲು ಹೊರಟಾಗ, ಒಂದು ದಿನ ಇವನ ಪಾಳಿ, ಒಂದು ದಿನ ಅವನ ಪಾಳಿ ಎಂದು ನೀರು ಹಂಚಿ, ಇಬ್ಬರೂ ನೆಟ್ಟ ಗೂಟಗಳನ್ನು ಇಬ್ಬರ ಕೈಯಿಂದಲೇ ಕೀಳಿಸಿ ಬಂದವರು. ತೀರ್ಪು ಕೊಟ್ಟ ಮೇಲೆ ಇಬ್ಬರೂ ಒಂದೇ ಬಾಗಿಲಿಂದ ಹೊರಗೆ ಹೋಗಬೇಕು, ಅದು ಅವರ ಕಾನೂನು. ಅವರು ಫೋನಿನಲ್ಲಿ ಜಗಳದ ವಸ್ತು ಏನೆಂದು ಕೇಳಿದರು. "ವೈರು," ಎಂದಳು ತಂಗಿ. "ಲೈಟಿಂದೋ ಬೇಲೀದೋ?" ಎಂದರಂತೆ.

ಭಾನುವಾರ ಅವರು ಸೇಡಂನಿಂದ ರೈಲಿಗೆ ಬಂದರು. ಎದುರು ದಿಕ್ಕಿನ ರೈಲಿಗೆ ವಾಡಿಯಿಂದ ಗೌಸನ ಅಕ್ಕ ಜುಬೇದಾ ಆಪಾ ಬಂದರು, ತಮ್ಮನನ್ನು ಕರೆದುಕೊಂಡು. ಒಂದು ಕಡೆಯವರು ಒಬ್ಬರು, ಇನ್ನೊಂದು ಕಡೆಯವರು ಒಬ್ಬರು, ಹೀಗೆ ಇಬ್ಬರು ಪಂಚರು. ಗೌಸ್ ಒಳಗೆ ಬಂದ. ನೆಲ ಬಡಿಯಲಿಲ್ಲ. ಚಾಪೆಯ ಕಡೆ ನೋಡದೆ ಬಾಗಿಲ ಹತ್ತಿರವೇ ನಿಂತ.

ನಾನು ಇದು ಸಾಮಾನ್ಯ ಪಂಚಾಯ್ತಿಯಲ್ಲ, ಪ್ರಯೋಗ ಎಂದು ವಿವರಿಸಿದೆ. ವಿಶ್ವವಿದ್ಯಾಲಯದಲ್ಲಿ ಕಲಿತದ್ದು ಇಂಥ ಹೊತ್ತಿಗಾಗಿಯೇ. ಯಂತ್ರಗಳ ಮುಂದೆ ಹಳೆಯ ಸೀರೆಯೊಂದನ್ನು ಪರದೆ ಕಟ್ಟಿದೆ. ಅದರ ಹಿಂದೆ ಮಹಾದೇವಿ. ಗೌಸನ ವೈರಿಗೆ ಕೆಂಪು ದಾರ, ನನ್ನದಕ್ಕೆ ಬಿಳಿ ದಾರ. ನಾಣ್ಯ ಚಿಮ್ಮಿ, ಬಿದ್ದಂತೆ ಒಂದಾದ ಮೇಲೆ ಒಂದು ವೈರು ಹಾಕಿ ಅದೇ ತುಣುಕು ಕೇಳಿಸಬೇಕು. ಪಂಚರು ಮೊದಲನೆಯದು ಛಲೋ ಇತ್ತೋ ಎರಡನೆಯದೋ ಹೇಳಬೇಕು. ಮಹಾದೇವಿ ಪರದೆಯ ಹಿಂದೆ ಗೋಡೆಗೆ ಸುಣ್ಣದ ಗೀಟು ಹಾಕುತ್ತ ಹೋಗಬೇಕು. ಯಾವುದು ಯಾರದು ಎಂದು ಪಂಚರಿಗೆ ತಿಳಿಯಕೂಡದು.

"ಭಾಳ ಛಲೋ," ಎಂದರು ಶರಣಪ್ಪ ಭಾವ. "ಈಗ ನೀವಿಬ್ಬರೂ ಹೊರಗ ಕಟ್ಟಿ ಮ್ಯಾಲ ಕುಂದರ್ರಿ."

"ನಾ ಇಲ್ದೇ ಪ್ರಯೋಗ ಹೆಂಗ್ರಿ?"

"ಜಗಳ ಆಡಿದವರು ಎದುರು ಕುಂತ್ರ ಪಂಚರ ಬಾಯಿ ಏಳಂಗಿಲ್ಲ ಮಾಸ್ತರ. ನಡೀರಿ."

ವೈಜ್ಞಾನಿಕವಾಗಿ ಅದು ಸರಿಯಾಗಿಯೇ ಇತ್ತು. ಹೊರಗೆ ಹೋದೆವು. ಕಟ್ಟೆಯ ಈ ತುದಿಗೆ ನಾನು, ಆ ತುದಿಗೆ ಅವನು. ಮಹಾದೇವಿ ಬಂದು ನಡುವೆ ಚಹಾ ಇಟ್ಟು ಹೋದಳು. ಒಂದೇ ಕಪ್ಪು, ಒಂದು ಬಸಿ. "ಹಾಲು ತೀರ್‍ಯಾವ," ಎಂದಳು.

ಒಳಗೆ ಸಂಗೀತ ಶುರುವಾಯಿತು.

"ತಗೋರಿ ಸರ್," ಎಂದ ಗೌಸ್.

"ನೀವು ತಗೋರಿ."

ಚಹಾ ಆರುತ್ತಿತ್ತು. ಕೊನೆಗೆ ಅವನೇ ಬಸಿಗೆ ಸುರುವಿಕೊಂಡು ಕಪ್ಪು ನನ್ನ ಕಡೆ ಸರಿಸಿದ. ಒಳಗೆ ತಬಲಾ ಬಂತು. ಅವನ ಕೈ ತಾನಾಗಿ ಕಟ್ಟೆಯ ಕಲ್ಲಿನ ಮೇಲೆ ಹೋಯಿತು. ನಾನು ನೋಡಿದ್ದು ಕಂಡು ಹಿಂದಕ್ಕೆ ತೆಗೆದುಕೊಂಡ.

"ಒಂದು ಮಾತು ಕೇಳ್ಲೇನ್ರಿ?" ಎಂದ.

"ಕೇಳ್ರಿ."

"ನಿಮಗ ಯಾರು ಹೇಳಿದ್ರು?"

"ಏನು?"

"ಆ ಕಲ್ಲಿನ ಸುದ್ದಿ."

"ಯಾವ ಕಲ್ಲು?"

ಅವನು ಬಸಿಯೊಳಗೆ ನೋಡುತ್ತ ಹೇಳಿದ. "ಈ ಮನೀ ನೆಲದ ಕಲ್ಲು ಒಂದೊಂದೂ ನಾನೇ ಬಡ್ದು ಆರಿಸಿ ಕಳಿಸಿದ್ದು. ಆಳಿನ ಕೈಯಾಗ ಕೊಟ್ಟಿದ್ದಿಲ್ಲ. ನಿಮ್ಮ ಮನೀ ಪೂಜಾದ ದಿನ ಬಂದು ಬಡೀತೀನಿ, ಬಲಗಡಿ ಗ್ವಾಡೀ ಮಗ್ಗಲದ್ದು ಬೊದ್ ಅಂತು. ಕೂದಲೆಳಿ ಬಿರುಕು. ನನ್ನ ಕೈಯಾಗಿಂದ ಅಂಥ ಕಲ್ಲು ಎಂದೂ ಹೋಗಿದ್ದಿಲ್ಲ. ಹೋದದ್ದು ಗೆಳೆಯನ ಮನೀಗೇ. ಯಾವ ಮಾರಿಲೇ ಹೇಳ್ಲಿ? ಚಾಪಿ ಎಳಕೊಂಡು ಅದರ ಮ್ಯಾಲ ಕುಂತೆ."

ನಾನು ಕಪ್ಪು ಹಿಡಿದೇ ಅವನ ಕಡೆ ತಿರುಗಿದೆ.

"ಅಂದಿಂದ ಅಲ್ಲೇ ಕುಂದರ್ತೀನಿ. ಬ್ಯಾರೆ ಯಾರ ಕಾಲಿಗೂ ಹತ್ತಬಾರದಂತ. ಆವತ್ತ ನೋಡಿದ್ರ ಚಾಪಿ ಒಗೀಲಿಕ್ಕ ಹಾಕ್ಯಾರ. ನೆಲ ಬತ್ತಲೆ. ನೀವು ನಿನ್ನ ಕಿವಿ ನಂಬಿದ್ರ ಮನಿ ಹಾಳಾಗ್ತದ ಅಂದು, ಬಗ್ಗಿ ಅದನ್ನೇ ನೋಡಿದ್ರಿ. ತಿಳೀತು ನನಗ. ವೈರಿನ ಮಾತಲ್ಲ ಅದು."

"ಲೇ ಗೌಸ್," ಎಂದೆ, "ನಾ ರಿಮೋಟ್ ಎತ್ತಿಕೊಳ್ಳಲಿಕ್ಕ ಬಗ್ಗಿದ್ದೋ. ಬಿರುಕು ಇರೋದು ನನಗ ಈಗ ನೀ ಹೇಳಿದ ಮ್ಯಾಲ ಗೊತ್ತಾತು."

"ಖರೇ?"

"ದೇವರಾಣಿ."

ಅವನು ಬಸಿ ಕೆಳಗಿಟ್ಟ. ನನ್ನನ್ನೂ ಬಾಗಿಲನ್ನೂ ನೋಡಿದ. ಅವನ ಮಾರಿಯ ಮೇಲೆ ಮೊದಲು ಸಮಾಧಾನ ಬಂತು, ಅದರ ಬೆನ್ನಿಗೇ ಬೇರೆ ಏನೋ ಬಂತು.

"ಲೇ ಬಸ್ಯಾ," ಎಂದ, "ನೀ ಇದನ್ನ ಮೊದಲೇ ಹೇಳಬಾರದೇನೋ? ನಾ ಸುಮ್ಮ ಕುಂತಿದ್ರ ಇನ್ನಾ ಹತ್ತು ವರ್ಷ ನಡೀತಿತ್ತಲ್ಲೋ."

ನನಗೆ ನಗು ತಡೆಯಲಿಲ್ಲ. ಅವನಿಗೂ. ಎಷ್ಟು ನಕ್ಕೆವೆಂದರೆ ಒಳಗಿನಿಂದ ಆಪಾ ಕಿಟಕಿಗೆ ಬಂದು, "ಒಳಗ ಕೇಳಸಂಗಿಲ್ಲ, ಜರಾ ಸುಮ್ಮ ಕುಂದರ್ರಿ," ಎಂದು ಗದರಿದರು. ಪಂಚರು ನಿಜವಾಗಿಯೂ ಕೇಳುತ್ತಿದ್ದಾರೆ ಎಂದು ಆಗ ನಂಬಿದೆ.

ಸ್ವಲ್ಪ ಹೊತ್ತಿಗೆ ಕರೆದರು. ನಾನು ನೆಟ್ಟಗೆ ಪರದೆಯ ಹಿಂದಿನ ಗೋಡೆಗೆ ಹೋದೆ. ಕೆಂಪು ದಾರದ ಹೆಸರಿಗೆ ಎಷ್ಟು ಗೀಟೋ ಬಿಳಿ ದಾರದ ಹೆಸರಿಗೂ ಅಷ್ಟೇ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಫರಕ್ ಇಲ್ಲದ ಎರಡು ವಸ್ತುಗಳನ್ನು ಕಣ್ಣು ಕಟ್ಟಿ ಹೋಲಿಸಿದರೆ ಹೆಚ್ಚುಕಡಿಮೆ ಹೀಗೆಯೇ ಬರಬೇಕು.

"ನೋಡ್ರಿ," ಎಂದೆ, ದನಿ ಆದಷ್ಟು ಸಣ್ಣದು ಮಾಡಿ. "ಸರಿಸಮ. ಎರಡೂ ಒಂದೇ ಅಂತ ಸಿದ್ಧ ಆತು."

"ಸಿದ್ಧ ಏನು ಬಂತು ಭಾಯಿ," ಎಂದರು ಆಪಾ. "ಒಮ್ಮಿ ನಿಮ್ದು ಛಲೋ ಅಂದ್ವಿ, ಒಮ್ಮಿ ಗೌಸುಂದು ಛಲೋ ಅಂದ್ವಿ. ಮನೀಗಿ ಕರ್ದು ನಾಷ್ಟಾ ಹಾಕ್ಯಾರ. ಒಬ್ಬರ ಕಡಿ ಜಾಸ್ತಿ ಆದ್ರ ಛಂದ ಕಾಣ್ತದೇನು? ನಾ ಸ್ಟೇಶನ್ ಮಗ್ಗಲ ಇರಾಕಿ, ಗಾಡಿ ಸಪ್ಪಳದಾಗ ಬಾಳೇ ಮಾಡ್ದಾಕಿ. ನನಗ ಎರಡೂ ಸಿತಾರನೇ."

"ಆದ್ರ ಯಾವಾಗ ಯಾರ್ದು ಇತ್ತು ಅಂತ ನಿಮಗ ಹೆಂಗ ತಿಳೀತು?"

ಇಬ್ಬರೂ ಪಂಚರು ಪರದೆಯ ಕಡೆ ನೋಡಿದರು. ಮಹಾದೇವಿ ಸೀರೆ ಮಡಚುತ್ತ ಹೇಳಿದಳು: "ಗೌಸಣ್ಣಂದು ಇದ್ದಾಗ ಬಳಿ ಸಪ್ಪಳ ಮಾಡ್ತಿದ್ದೆ. ನಿಮ್ದು ಇದ್ದಾಗ ಸುಮ್ಮ ಇರ್ತಿದ್ದೆ."

ಇಡೀ ಪ್ರಯೋಗದಲ್ಲಿ ಕಿವಿಗೆ ಖಚಿತವಾಗಿ ಕೇಳಿದ ಫರಕ್ ಅದೊಂದೇ. ನನ್ನ ತೀರ್ಮಾನ ಸರಿಯಾಗಿತ್ತು, ಸಾಕ್ಷಿ ಪೂರ್ತಿ ಖೋಟಾ. ಇಂಥ ಸ್ಥಿತಿಯಲ್ಲಿ ಏನು ಮಾಡಬೇಕೆಂದು ವಿಶ್ವವಿದ್ಯಾಲಯದಲ್ಲಿ ಕಲಿಸಿರಲಿಲ್ಲ.

ಶರಣಪ್ಪ ಭಾವ ತೀರ್ಪು ಹೇಳಿದರು. ಎರಡು ವೈರೂ ಈ ಮನೆಯಲ್ಲೇ ಇರಬೇಕು. ಒಂದು ಭಾನುವಾರ ಗೌಸನ ಪಾಳಿ, ಒಂದು ಭಾನುವಾರ ಮಾಸ್ತರರ ಪಾಳಿ. ಪಾಳಿ ಯಾರದೇ ಇರಲಿ, ಇಬ್ಬರೂ ಕೂಡಿ ಕೇಳಬೇಕು. ಆಮೇಲೆ ಎರಡೂ ವೈರು ತರಿಸಿ, ಕೆಂಪು ದಾರ ನನ್ನ ಕೈಯಿಂದ, ಬಿಳಿ ದಾರ ಗೌಸನ ಕೈಯಿಂದ ಬಿಚ್ಚಿಸಿದರು. ಗೂಟ ಕೀಳಿಸುವ ಹಾಗೆಯೇ. ಬಿಚ್ಚಿ ಮೇಜಿನ ಮೇಲಿಟ್ಟ ಎರಡು ಕರಿ ವೈರುಗಳನ್ನು ಮಹಾದೇವಿ ಒಟ್ಟಿಗೆ ಸುತ್ತಿ ಒಂದೇ ಮಖಮಲ್ಲಿನ ಚೀಲದೊಳಗೆ ಹಾಕಿದಳು. ಯಾವುದು ಯಾರದೆಂದು ಈಗ ಅವಳಿಗೂ ಗೊತ್ತಿಲ್ಲ ಎಂದು ಅವಳು ಹೇಳುತ್ತಾಳೆ. ನನಗೆ ಸಂಶಯವಿದೆ.

ಅವರೆಲ್ಲ ಹೋದ ಮೇಲೆ ನಾನು ಚಾಪೆ ಸರಿಸಿ ಆ ಕಲ್ಲು ನೋಡಿದೆ. ಬಿರುಕು ಮೂಲೆಯಿಂದ ಮೂಲೆಗೆ, ನದಿಯ ನಕ್ಷೆಯಂತೆ ಸ್ಪಷ್ಟವಾಗಿತ್ತು.

"ಇದು ನಿನಗ ಕಂಡಿತ್ತೇನು?" ಎಂದು ಮಹಾದೇವಿಯನ್ನು ಕೇಳಿದೆ.

"ದಿನಾ ನೆಲ ಒರಸಾಕಿ ನಾನು. ಪೂಜಾದ ಮರುದಿನಾನೇ ಕಂಡೀನಿ."

"ಮತ್ತ ಹೇಳಲಿಲ್ಲ?"

"ಹೇಳಿದ್ರ ನೀವು ಗೌಸಣ್ಣಗ ಅಂತಿದ್ರಿ. ಅವರು ಬರೋದು ಬಿಡ್ತಿದ್ರು. ಕಲ್ಲೇನು, ತನ್ನಷ್ಟಕ್ಕ ತಾ ಬಿದ್ದದ."

ಎರಡು ವೈರಿನ ನಡುವಿನ ಇಲ್ಲದ ಫರಕ್ ಕೇಳಿಸಿಕೊಳ್ಳಲು ಕಿವಿ ನಿಮಿರಿಸಿ ಕೂತವನು ನಾನು. ನನ್ನ ಪಾದದಿಂದ ಮಾರು ದೂರದಲ್ಲಿ ಇಷ್ಟು ವರ್ಷ ಬೊದ್ ಬೊದ್ ಎನ್ನುತ್ತಿದ್ದ ಕಲ್ಲನ್ನು ನಾನೊಬ್ಬನೇ ಕೇಳಿಸಿಕೊಂಡಿರಲಿಲ್ಲ. ರಾತ್ರಿ ಡೈರಿಗೆ ಇದನ್ನು ಬರೆಯಬೇಕೆಂದು ಕೂತೆ. ಈಗ ತೆಗೆದು ನೋಡಿದರೆ, "ಆಪಾ ಖೀರು ತಂದಿದ್ದರು, ಏಲಕ್ಕಿ ಜಾಸ್ತಿಯಾಗಿತ್ತು," ಎಂದಿದೆ.

ಮರು ಭಾನುವಾರ ಸ್ಕೂಟರಿನ ಸಪ್ಪಳ ಕೇಳಿತು. ಗೌಸ್ ಒಳಗೆ ಬಂದು ಬಾಗಿಲ ಹತ್ತಿರದ ಕಲ್ಲು ಬಡಿದು ನೋಡಿದ. ಠಣ್ ಎಂದಿತು. ಸಮಾಧಾನವಾಯಿತು, ಅವನಿಗೂ ನನಗೂ.

"ಇವತ್ತ ಯಾರ ಪಾಳಿ ವೈನಿ?" ಎಂದ.

"ನಿಮ್ದೇ ಅಣ್ಣ," ಎಂದಳು ಮಹಾದೇವಿ. ನಾನು ನೀರು ಕುಡಿಯಲು ಅಡುಗೆಮನೆಗೆ ಹೋದಾಗ ಮೆಲ್ಲಗೆ, "ನಿಮ್ದೇ ಹಾಕೀನಿ," ಎಂದಳು.

ನಾನು ಕುರ್ಚಿ ತೋರಿಸಿ, "ಇನ್ನರೆ ನಡುವ ಕುಂದ್ರು," ಎಂದೆ. ಇನ್ನು ಮುಚ್ಚಿಡುವುದೇನೂ ಉಳಿದಿರಲಿಲ್ಲವಲ್ಲ. ಗೌಸ್ ಕುರ್ಚಿಯನ್ನು ನೋಡಿದ, ಬಲಗಡೆಯ ಗೋಡೆಯನ್ನು ನೋಡಿದ. ಹೋಗಿ, ಚಾಪೆಯನ್ನು ಸುತ್ತಿ ಪಕ್ಕಕ್ಕಿಟ್ಟು, ಬಿರುಕಿನ ಮಗ್ಗುಲಿಗೆ ಬರಿ ನೆಲದ ಮೇಲೆ ಕೂತ.

"ನಂಗ ಇಲ್ಲೇ ಛಲೋ ಕೇಳ್ತದೋ," ಎಂದ.

ಸಿತಾರ ಶುರುವಾಯಿತು. ಯಾರದೋ ಒಂದು ವೈರಿನಲ್ಲಿ ಅಂಕಿಗಳು ಹರಿದವು. ತಬಲಾ ಬಂತು. ನಾನು ಕಣ್ಣು ಮುಚ್ಚಿ, ಏನು ಕಡಿಮೆಯಿದೆ ಎಂದು ಹುಡುಕುತ್ತ ಕಾದೆ. ತಾಳದ ಸಮ್ ಬಿತ್ತು. ಅರ್ಧ ಮಾತ್ರೆ ಕಳೆದ ಮೇಲೆ, ಬಲಗಡೆಯ ಗೋಡೆಯ ಬುಡದಿಂದ, ಬೊದ್ ಎಂದಿತು.